ತಾರಾ ಹೇಳಬೇಕಾಗಿದ್ದ ಮಾತು

ಹೊಸ ತೊಗರಿಯ ಧೂಳು ಮೂಗಿಗೆ ಹೊಕ್ಕರೆ ಬೇರೆಯವರಿಗೆ ಸೀನು ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ಕಳೆದ ಜನವರಿಯಲ್ಲಿ ನೌಬಾದದ ಕಾಲೇಜೊಂದರಲ್ಲಿ ಆಪ್ತಸಮಾಲೋಚನೆ ಕಲಿಯುವ ಹುಡುಗಿಯರ ಮುಂದೆ ನಾಲ್ಕು ಮಾತಾಡಬೇಕೆಂದು ನನ್ನನ್ನು ಬೀದರಿಗೆ ಕರೆಸಿದ್ದರು. ಹತ್ತಿರದ ದಾರಿ ಎಂದು ಆಟೋದವನು ಧಾನ್ಯದ ಪೇಟೆ ಗಾಂಧಿ ಗಂಜಿನೊಳಗೆ ನುಗ್ಗಿಸಿದ. ಹಮಾಲರು ಲಾರಿಯಿಂದ ತೊಗರಿ ಚೀಲ ಇಳಿಸುತ್ತಿದ್ದರು. ಆ ಧೂಳಿನಲ್ಲಿ ಐದು ನಿಮಿಷ ಆಟೋ ನಿಂತಿತು. ಗಂಜಿನ ಹಿಂದಿನ ಓಣಿಯಲ್ಲಿ ಒಂದು ಕಾಲಕ್ಕೆ ಹುಡುಗಿಯರ ಹಾಸ್ಟೆಲ್ ಇತ್ತು. ನಾನು ಆ ಕಡೆ ಮುಖ ತಿರುಗಿಸಲಿಲ್ಲ.

ಕಾಲೇಜಿನಲ್ಲಿ ಶಾಲು ಹೊದಿಸಿದರು. ಈ ಕೆಲಸವನ್ನು ಓದಿ ಕಲಿತ ಈ ಭಾಗದ ಮೊದಲ ಹೆಣ್ಣುಮಗಳು ಎಂದು ಹೊಗಳಿದರು. ಎಪ್ಪತ್ತು ದಾಟಿದ ಮೇಲೆ ಹೊಗಳಿಕೆಗೆ ಬೆಲೆಯೇನೂ ಇರುವುದಿಲ್ಲ, ಆದರೂ ಕೇಳಿಸಿಕೊಂಡೆ. ಕೊನೆಗೆ ಒಬ್ಬಳು ಎದ್ದುನಿಂತು, "ಮೇಡಂ, ನಿಮ್ಮ ಮೊದಲನೇ ಕೇಸ್ ಬಗ್ಗೆ ಹೇಳ್ರಿ" ಎಂದಳು. ನಾನು ಬೇರೆ ಯಾವುದೋ ಹುಡುಗಿಯ, ಸುಖಾಂತವಾದ ಒಂದು ಕಥೆ ಹೇಳಿ ಚಪ್ಪಾಳೆ ತೆಗೆದುಕೊಂಡು ಬಂದೆ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಇದು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ನನಗೆ ಇಪ್ಪತ್ತಮೂರು. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ, ಅಲ್ಲಿಯೇ ಆಗಷ್ಟೇ ಶುರುವಾಗಿದ್ದ ಒಂದು ವರ್ಷದ ಕೋರ್ಸಿಗೆ ಸೇರಿದ್ದೆ. ಶಾಲೆಯ ಮಕ್ಕಳ ಮನಸ್ಸಿನ ತೊಡಕು ಕೇಳಿ, ಅವರಿಗೆ ದಾರಿ ತೋರುವವರನ್ನು ತಯಾರು ಮಾಡುವ ಕೋರ್ಸು. ಅರ್ಧ ವರ್ಷ ಪಾಠ, ಉಳಿದರ್ಧ ನಮ್ಮ ನಮ್ಮ ಜಿಲ್ಲೆಗೆ ಹೋಗಿ ಒಂದು ಮಗುವಿನ ಜೊತೆ ಕೆಲಸ ಮಾಡಿ, ಅದರ ಪೂರ್ತಿ ದಾಖಲೆ ಬರೆದು ಒಪ್ಪಿಸಬೇಕು. ಆ ದಾಖಲೆ ಪಾಸಾದರೆ ಡಿಪ್ಲೊಮಾ, ಹಿಂದೆಯೇ ಸರ್ಕಾರಿ ನೌಕರಿ.

ನಮ್ಮಪ್ಪ ಭಾಲ್ಕಿ ತಾಲ್ಲೂಕಿನ ಭಾತಂಬ್ರಾದವರು. ಹೊಲ ಮನೆ ನೋಡಿಕೊಂಡು, ಬೆಳಗಾದರೆ ಲಿಂಗಪೂಜೆ ಮಾಡಿ, ಸಂಜೆಯಾದರೆ ನಾಲ್ಕು ಜನರನ್ನು ಕೂಡಿಸಿಕೊಂಡು ವಚನ ಹಾಡುವ ಮನುಷ್ಯ. ಮಗಳನ್ನು ಹೈದರಾಬಾದಿಗೆ ಕಳಿಸಿದ್ದಕ್ಕೆ ಊರವರ ಮಾತು ಕೇಳಿದವರು. ಅವರಿಗೂ ಈ ಕೋರ್ಸು ಅರ್ಥವಾಗಿರಲಿಲ್ಲ.

"ಸಲಹಾ ಕೊಡ್ಲಿಕ್ಕ ಪರೀಕ್ಷಾ ಯಾಕ ಬೇಕು ಮಾದೇವಿ? ನಮ್ಮೂರ ಕಟ್ಟಿ ಮ್ಯಾಲ ಎಲ್ಲಾರೂ ಪುಕ್ಕಟ ಕೊಡ್ತಾರಲ್ಲ" ಎಂದು ನಗುತ್ತಿದ್ದರು.

"ಇದು ಸಲಹಾ ಕೊಡೂದಲ್ಲಪ್ಪಾ, ಕೇಳೂದು" ಎನ್ನುತ್ತಿದ್ದೆ ನಾನು. ದೊಡ್ಡ ಮಾತು. ಪ್ರೊಫೆಸರರಿಂದ ಕಲಿತದ್ದು.

ನಮ್ಮ ಪ್ರೊಫೆಸರ್ ಬಿಳಿಕೂದಲಿನ, ಬಿಗಿ ಬಾಯಿಯ ಹೆಂಗಸು. ಮೊದಲ ದಿನವೇ ಒಂದು ಉರ್ದು ಮಾತು ಹೇಳಿದ್ದರು. ಮಗು ನಿಮಗೆ ಹೇಳಿಕೊಂಡದ್ದು ಅಮಾನತ್, ಅಂದರೆ ನಂಬಿ ನಿಮ್ಮ ಕೈಯಲ್ಲಿ ಇಟ್ಟದ್ದು. ಅದು ನಿಮ್ಮದಲ್ಲ. ಅದನ್ನು ನಾನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ದುಂಡಗೆ ಬರೆದುಕೊಂಡಿದ್ದೆ. ಉರ್ದುವಿನಲ್ಲೇ ಬರೆದುಕೊಂಡೆ. ನಿಜಾಮರ ಕಾಲದ ಶಾಲೆಯಲ್ಲಿ ಓದಿದವಳು ನಾನು, ಅಲಿಫ್ ಬೇಯಿಂದಲೇ ನನ್ನ ಅಕ್ಷರ ಶುರುವಾದದ್ದು. ಕನ್ನಡ ಬಾಯಲ್ಲಿತ್ತು, ಕೈಯಲ್ಲಿರಲಿಲ್ಲ. ನಮ್ಮ ಕಡೆ ಆಗ ನನ್ನಂಥವರು ಮನೆಗೊಬ್ಬರಿದ್ದರು.

ಆ ಮಳೆಗಾಲದ ನಡುವೆ ಬೀದರಿಗೆ ಬಂದು ಗಂಜಿನ ಹಿಂದಿನ ಹಾಸ್ಟೆಲಿನಲ್ಲಿ ಇಳಿದೆ. ಗಂಜಿನ ಕೆಲವು ವ್ಯಾಪಾರಿಗಳು ಕೂಡಿ ಹಳ್ಳಿಯ ಹುಡುಗಿಯರಿಗಾಗಿ ನಡೆಸುತ್ತಿದ್ದ ಹಾಸ್ಟೆಲು ಅದು. ಇಪ್ಪತ್ತು ಹುಡುಗಿಯರು, ಒಂದು ಬಾವಿ, ಅಡುಗೆಗೆ ಗಂಗಾಬಾಯಿ. ಗಂಗಾಬಾಯಿ ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು, ಕೈರುಚಿಯವಳು, ಬಾಯಿ ಜೋರು. ಹುಡುಗಿಯರನ್ನು ಬೈದೇ ಉಣ್ಣಿಸುತ್ತಿದ್ದಳು.

ಆ ಹುಡುಗಿಯರು ಓದುತ್ತಿದ್ದ ಶಾಲೆಯ ಮುಖ್ಯೋಪಾಧ್ಯಾಯಿನಿ ನನಗೆ ಒಪ್ಪಿಸಿದ ಹುಡುಗಿ ತಾರಾ. ಔರಾದ ಕಡೆಯವಳು, ಮನೆಮಾತು ಮರಾಠಿ. ಮೆಟ್ರಿಕ್ ತರಗತಿ. ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮಾಸ್ತರರು ಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಇವಳ ಕೈ ಮೇಲೆದ್ದಿರುತ್ತಿತ್ತು. "ಹುಡುಗಿ ಊಟಾ ಮಾಡಂಗಿಲ್ಲ. ಡಾಕ್ಟರಿಗೆ ತೋರಿಸಿದ್ವಿ, ಏನೂ ಇಲ್ಲ ಅಂದ್ರು. ಹಿಂಗೇ ಆದ್ರ ಪರೀಕ್ಷಾ ತನಕ ಉಳಿಯಂಗಿಲ್ಲ. ನೀವು ನೋಡ್ರಿ" ಎಂದರು ಮುಖ್ಯೋಪಾಧ್ಯಾಯಿನಿ.

ನೋಡಿದೆ. ಪಂಕ್ತಿಯಲ್ಲಿ ಎಲ್ಲರಿಗಿಂತ ಕೊನೆಗೆ ಕೂಡುತ್ತಿದ್ದಳು. ಎರಡು ತುತ್ತು ತಿಂದು ಹೊಟ್ಟೆನೋವೆಂದು ಏಳುತ್ತಿದ್ದಳು. ಎಷ್ಟೇ ನೀರಡಿಸಲಿ, ಬಾವಿಗೆ ಹಗ್ಗ ಇಳಿಬಿಡುತ್ತಿರಲಿಲ್ಲ. ಯಾರಾದರೂ ಸೇದುವ ತನಕ ತಂಬಿಗೆ ಹಿಡಿದು ನಿಂತಿರುತ್ತಿದ್ದಳು. ಕಂಡದ್ದನ್ನೆಲ್ಲ ಬರೆದುಕೊಂಡೆ, ಅರ್ಥ ಮಾತ್ರ ಆಗಲಿಲ್ಲ. ಪ್ರಶ್ನೆ ಕೇಳಬೇಡಿ, ಪಕ್ಕದಲ್ಲಿ ಕುಳಿತಿರಿ ಎಂದು ಕಲಿಸಿದ್ದರು. ಹಾಗೆ ಎರಡು ತಿಂಗಳು ಕುಳಿತೆ. ಅವಳು ನನಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಹತ್ತಿಯ ಬತ್ತಿ ಹೊಸೆಯುವುದನ್ನು ನಾನು ಅವಳಿಗೆ ಕಲಿಸಿದೆ. ಒಂದು ದಿನ ಅವಳು ನಕ್ಕಳು. ಅದನ್ನೂ ತಾರೀಖು ಹಾಕಿ ಬರೆದುಕೊಂಡೆ.

ದಸರೆಯಾಗಿ ಕೆಲವು ದಿನಕ್ಕೆ ಅವಳ ಅಪ್ಪ ಬಂದ. ತೊಳೆದ ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ನಾನು ಒಳಗೆ ಕರೆದರೂ ಬರಲಿಲ್ಲ, ಗೇಟಿನ ಹೊರಗೇ ನಿಂತು ಮಗಳೊಡನೆ ಮರಾಠಿಯಲ್ಲಿ ಮಾತಾಡಿದ. ಅವನ ಮುಖದ ಮೇಲಿನ ಕಳೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅವನು ಹೋದ ಮೇಲೆ ತಾರಾ ಹಿತ್ತಲಿಗೆ ಬಂದು, ಹಸಿ ಸೇಂಗಾ ಬಿಡಿಸುತ್ತಿದ್ದ ನನ್ನ ಪಕ್ಕ ಕುಳಿತಳು. ಕೇಳದೆಯೇ ಹೇಳಿದಳು.

"ನಮ್ಮಪ್ಪ ನಾಗಪುರಕ್ಕ ಹೋಗಿದ್ದ ಬಾಯಿ." ನಮ್ಮ ಕಡೆ ಆಗ ಕಲಿಸುವ ಹೆಂಗಸರಿಗೆ ಬಾಯಿ ಎಂದೇ ಕರೆಯುತ್ತಿದ್ದರು. "ಬೌದ್ಧ ದೀಕ್ಷಾ ತಗೊಂಡು ಬಂದಾನ. ಮನಿಯಾಗಿನ ದೇವರ ಎಲ್ಲಾ ಮಾಂಜ್ರಾ ನದಿಗೆ ಬಿಟ್ಟಾನಂತ. ಇನ್ನ ಏನೂ ಮುಚ್ಚಿಡಬ್ಯಾಡ ಅಂತಾನ."

ನಾನು ಸೇಂಗಾ ಬಿಡಿಸುತ್ತಲೇ ಇದ್ದೆ.

"ನಾವು ಮಹಾರವಾಡಾದವರು ಬಾಯಿ, ಮುಟ್ಟಿಸ್ಕೊಳ್ಳದ ಜಾತಿಯವರು. ಔರಾದದ ಮಾಸ್ತರ್ ಫಾರಂ ತುಂಬೂ ಮುಂದ ಜಾತಿ ಮರಾಠಾ ಅಂತ ಬರದ್ರು. ನನ್ನ ಕೇಳ್ಲೇ ಇಲ್ಲ. ಛಲೋ ಆಗ್ಲಿ ಅಂತನ ಬರದ್ರು. ಇಲ್ಲಿ ಬಂದ ಮ್ಯಾಲ ಗಂಗಾಬಾಯಿ ನೀಡೂ ಮುಂದ ದಿನಾ ಅಂತಾಳ, ನನ್ನ ಒಲಿ ಶುದ್ಧ ಅದ, ಸ್ವಚ್ಛ ಉಣ್ರಿ ಅಂತ. ತುತ್ತು ಗಂಟಲಾಗ ನಿಂದರ್ತದ."

"ಈಗ ಏನ್ ಮಾಡ್ತಿ?"

"ಹೇಳ್ತೇನಿ. ಮಾರ್ಚ್‌ನ್ಯಾಗ ಪರೀಕ್ಷಾ ಆಗ್ಲಿ. ಕಡೀ ಪೇಪರ್ ಬರದು ಬಂದು, ಪಂಕ್ತಿಯಾಗ ನಿಂತು ಎಲ್ಲಾರಿಗೂ ಕೇಳೂಹಂಗ ಹೇಳ್ತೇನಿ. ನಾನೇ ಹೇಳ್ತೇನಿ ಬಾಯಿ. ಅಲ್ಲೀತನಕ ನಿಮಗೊಬ್ರಿಗೇ ಗೊತ್ತಿರ್ಲಿ."

ಅವಳ ಕೈ ಹಿಡಿದು, ನನಗೆ ಇದರಿಂದ ಯಾವ ಭೇದವೂ ಇಲ್ಲ ಎಂದೆ. ಅಂದಿನಿಂದ ಅವಳು ನನ್ನ ಕೋಣೆಯಲ್ಲಿ ಕುಳಿತು ಉಣ್ಣತೊಡಗಿದಳು. ಎರಡು ತುತ್ತು ಹೋಗಿ ಎರಡು ರೊಟ್ಟಿಯಾಯಿತು. ಮುಖ್ಯೋಪಾಧ್ಯಾಯಿನಿಗೆ ಸಂತೋಷವಾಯಿತು. ನನಗಂತೂ ನಾನೇ ದೊಡ್ಡ ವೈದ್ಯೆ ಎನಿಸಿಬಿಟ್ಟಿತು.

ದೀಪಾವಳಿಗೆ ಊರಿಗೆ ಹೊರಟಾಗ ಅವ್ವ ಕಾಗದ ಬರೆಸಿದ್ದಳು, ನೀ ಹೇಳತಿದ್ದ ಆ ಔರಾದದ ಹುಡುಗಿನ್ನೂ ಕರಕೊಂಡು ಬಾ, ಪಾಪ ಒಬ್ಬಾಕಿನ ಇರ್ತಾಳ, ಎಂದು. ಕಾಗದ ಮಡಿಸಿ ಟ್ರಂಕಿನಲ್ಲಿಟ್ಟು ಒಬ್ಬಳೇ ಹೋದೆ. ಅವಳಿಗೆ ಓದುವುದಿದೆ ಎಂದು ಅವ್ವನಿಗೆ ಹೇಳಿದೆ. ಅಪ್ಪ ಸಂಜೆ ಎಲ್ಲರೂ ಒಂದೇ ಎಂಬ ವಚನ ಹಾಡಿದರು, ನಾನೂ ದನಿಗೂಡಿಸಿದೆ. ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲ ಇದೆ, ಇದೊಂದು ಇಲ್ಲ.

ಇದರ ನಡುವೆಯೇ ನವೆಂಬರ್ ಒಂದು ಬಂದುಹೋಗಿತ್ತು. ಗಂಜಿನಲ್ಲಿ ತೋರಣ ಕಟ್ಟಿದ್ದರು, ಪೇಢಾ ಹಂಚಿದ್ದರು. ನಮ್ಮ ಜಿಲ್ಲೆಯನ್ನು ರೊಟ್ಟಿ ಮುರಿದಂತೆ ಮುರಿದು, ಉದಗೀರ ಅತ್ತ ಮುಂಬಯಿಗೆ, ಬೀದರ ಭಾಲ್ಕಿ ಔರಾದ ಇತ್ತ ಮೈಸೂರಿಗೆ ಕೊಟ್ಟಿದ್ದರು. ನನಗೆ ವಿದ್ಯಾರ್ಥಿವೇತನ ಕೊಡುತ್ತಿದ್ದ ಹೈದರಾಬಾದ್ ರಾಜ್ಯವೇ ಇರಲಿಲ್ಲ. ಪ್ರೊಫೆಸರರ ಕಾಗದ ಬಂತು: ನಿನ್ನ ದಾಖಲೆಯನ್ನು ಇನ್ನು ನಿಮ್ಮ ಹೊಸ ರಾಜ್ಯದವರೇ ನೋಡುತ್ತಾರೆ, ಅವರನ್ನು ಕಾಣು.

ಕಂಡೆ. ಮೈಸೂರು ಕಡೆಯಿಂದ ಹೊಸದಾಗಿ ಬಂದ ಶಿಕ್ಷಣ ಇಲಾಖೆಯ ಅಧಿಕಾರಿ, ಸಭ್ಯ ಮನುಷ್ಯ. ನನ್ನ ನೋಟ್‌ಬುಕ್ಕನ್ನು ಹಿಂದುಮುಂದು ತಿರುಗಿಸಿ ನೋಡಿದರು.

"ಏನಮ್ಮಾ, ಎಲ್ಲಾ ಉರ್ದುನಲ್ಲಿದೆಯಲ್ಲ! ನೀವು ಕನ್ನಡದವರು ತಾನೆ?"

"ಹೌದ್ರಿ ಸರ್, ಭಾತಂಬ್ರಾದವಳು."

"ಕನ್ನಡ ಬರೆಯೋಕೆ ಬರೋಲ್ವೆ?"

"ಮಾತಾಡ್ಲಿಕ್ಕ ಬರ್ತದರಿ."

ಪಕ್ಕದ ಗುಮಾಸ್ತರು ನಕ್ಕರು. ಅಧಿಕಾರಿ ನಗಲಿಲ್ಲ. "ಇಂಗ್ಲಿಷಿನಲ್ಲಾದರೂ ಆದೀತು. ಆದರೆ ಕನ್ನಡದಲ್ಲಿ ಕೊಟ್ಟರೆ ನಮಗೂ ಹೆಮ್ಮೆ ಕಣಮ್ಮ. ಸಂಕ್ರಾಂತಿಯೊಳಗೆ ತನ್ನಿ, ಮುಂದಿನದು ನೋಡೋಣ" ಎಂದರು. ಹೈದರಾಬಾದಿಗೆ ಹೋಗಿ ಕುಳಿತು ಪ್ರೊಫೆಸರರ ಸಹಾಯದಿಂದ ಇಂಗ್ಲಿಷಿನಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಆ ಗುಮಾಸ್ತರ ನಗು ನನ್ನನ್ನು ಕುಟುಕಿತ್ತು.

ಶಾಲೆಗೆ ಧಾರವಾಡದ ಕಡೆಯಿಂದ ಒಬ್ಬ ಕನ್ನಡ ಪಂಡಿತರು ಬಂದಿದ್ದರು. ಮುತ್ತಿನಂಥ ಅಕ್ಷರ. ನಾನು ಉರ್ದು ನೋಡಿಕೊಂಡು ಬಾಯಲ್ಲಿ ಕನ್ನಡ ಹೇಳುವುದು, ಅವರು ಬರೆದುಕೊಳ್ಳುವುದು ಎಂದು ಮಾತಾಯಿತು. ಆ ವರ್ಷ ಬೀದರದ ಕಚೇರಿಗಳಲ್ಲೆಲ್ಲ ಇದೇ ರೂಢಿ. ಓದುವವನೊಬ್ಬ, ಬರೆಯುವವನೊಬ್ಬ. ಆದರೆ ಎಲ್ಲಿ ಕೂಡುವುದು? ಪಂಡಿತರು ಬಾಡಿಗೆ ಕೋಣೆಯ ಒಂಟಿ ಗಂಡಸು, ಅಲ್ಲಿಗೆ ನಾನು ಹೋಗುವಂತಿಲ್ಲ. ಶಾಲೆಯಲ್ಲಿ ತಪಾಸಣೆಯ ಗದ್ದಲ. ಹಾಸ್ಟೆಲಿನ ಪಡಸಾಲೆಯೇ ಸರಿ ಎಂದಾಯಿತು. ಮದುವೆಯಾಗದ ಹೆಣ್ಣು, ಪರ ಗಂಡಸು, ಹಾಗಾಗಿ ಬಾಗಿಲು ಪೂರ್ತಿ ತೆರೆದಿರಬೇಕು, ಹಿರಿಯ ಹೆಂಗಸೊಬ್ಬಳು ಹೊಸ್ತಿಲಲ್ಲಿ ಕೂತಿರಬೇಕು. ಮುಖ್ಯೋಪಾಧ್ಯಾಯಿನಿ ಆ ಕೆಲಸಕ್ಕೆ ಗಂಗಾಬಾಯಿಯನ್ನು ಹೇಳಿದರು.

ಮೂರು ಮುಂಜಾನೆ ಕುಳಿತೆವು. ಗಂಗಾಬಾಯಿ ಮೊರದಲ್ಲಿ ಹೊಸ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತ ಹೊಸ್ತಿಲಲ್ಲಿದ್ದಳು. ನಾಲ್ಕು ತಿಂಗಳು ಆ ನೋಟ್‌ಬುಕ್ಕು ನನ್ನ ಮೇಜಿನ ಮೇಲೆ ಬಿಚ್ಚಿಕೊಂಡೇ ಬಿದ್ದಿರುತ್ತಿತ್ತು. ಕಸ ಗುಡಿಸಲು ಬಂದಾಗ ಗಂಗಾಬಾಯಿ ಅದನ್ನು ಎತ್ತಿಡುತ್ತಿದ್ದಳು. ಬಜಾರದ ಉರ್ದು ಅವಳಿಗೆ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಯಾರಿಗೂ ಬರುತ್ತಿರಲಿಲ್ಲ, ಹುಡುಗಿಯರೆಲ್ಲ ನಿಜಾಮರ ಕಾಲ ಮುಗಿದ ಮೇಲೆ ಓದಿದವರು. ಆ ಲಿಪಿಯೇ ಬೀಗ ಎಂಬ ಧೈರ್ಯ ನನಗೆ ಅಭ್ಯಾಸವಾಗಿಹೋಗಿತ್ತು. ಈಗ ಅದನ್ನೇ, ಗಂಗಾಬಾಯಿಯ ಮನೆಮಾತಾದ ಕನ್ನಡದಲ್ಲಿ, ಗಟ್ಟಿ ದನಿಯಲ್ಲಿ, ಪದ ಪದ ಬಿಡಿಸಿ ಹೇಳುತ್ತಿದ್ದೆ. ತಾರಾ ಎಂಬ ಹೆಸರನ್ನು ಬದಲಿಸಿ ಕಮಲಾ ಎಂದಿದ್ದೆ. ನಿಯಮ ಪಾಲಿಸಿದೆ ಎಂದು ಅಂದುಕೊಂಡಿದ್ದೆ. ಔರಾದ ಕಡೆಯ ಹುಡುಗಿ, ಲೆಕ್ಕದಲ್ಲಿ ಜಾಣೆ, ಊಟ ಬಿಡುತ್ತಾಳೆ, ತಂದೆ ದೀಕ್ಷೆ ಪಡೆದು ಬಂದಿದ್ದಾನೆ. ಇಪ್ಪತ್ತು ಹುಡುಗಿಯರ ಹಾಸ್ಟೆಲಿನಲ್ಲಿ ಅಂಥ ಕಮಲಾ ಎಷ್ಟು ಜನ ಇರುತ್ತಾರೆ?

"ಕನ್ನಡ ಭಾಳ ಛಲೋ ಅದ ಅಕ್ಕಾರ ನಿಮ್ಮದು" ಎಂದರು ಪಂಡಿತರು. ನಾನು ಇನ್ನಷ್ಟು ಹುರುಪಿನಿಂದ ಹೇಳಿದೆ. ಗಂಗಾಬಾಯಿ ಅಲ್ಲಿರುವುದು ನನಗೆ ಗೊತ್ತಿತ್ತು. ನನ್ನ ಮಾನ ಕಾಯಲು ಕೂತವಳು ಅವಳು. ಅವಳಿಗೂ ಕಿವಿಗಳಿವೆ ಎಂಬುದು, ಕೇಳುವ ವಿದ್ಯೆಯಲ್ಲೇ ಡಿಪ್ಲೊಮಾ ಪಡೆಯಹೊರಟ ನನಗೆ ಹೊಳೆಯಲಿಲ್ಲ. ಮೂರನೆಯ ದಿನ, ಹಿತ್ತಲಿನಲ್ಲಿ ತಾರಾ ಹೇಳಿದ ಮಾತಿನ ಹಾಳೆಗೆ ಬಂದಾಗ, ಮೊರದ ಸಪ್ಪಳ ನಿಂತಿತು. ಬೇಳೆ ಮುಗಿದಿರಬೇಕು ಎಂದುಕೊಂಡೆ.

ಮರುದಿನ ಒಲೆ ಹೊತ್ತಲಿಲ್ಲ. ಗಂಗಾಬಾಯಿ ಕೂಗಾಡಲಿಲ್ಲ, ಗಂಟು ಕಟ್ಟಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದಳು. "ನನ್ನ ಕೈಲೆ ಆಗಂಗಿಲ್ರಿ. ನಾಳೆ ನನ್ನ ಜಾತಿಯವರು ನನಗ ಮನಿಯಾಗ ಕರಕೊಳ್ಳಂಗಿಲ್ಲ. ನನಗ ಹಿಂದ ಮುಂದ ಯಾರಿದ್ದಾರ?" ಎಂದಳಷ್ಟೆ. ಮಧ್ಯಾಹ್ನದೊಳಗೆ ಹುಡುಗಿಯರಿಗೆಲ್ಲ ಗೊತ್ತಾಯಿತು. ಸಂಜೆ ಹಾಸ್ಟೆಲಿನ ಕಾರ್ಯದರ್ಶಿ ಬಂದರು, ಗಂಜಿನಲ್ಲಿ ಅಡತಿ ಅಂಗಡಿ ಇಟ್ಟುಕೊಂಡಿದ್ದ ಹಿರಿಯರು. "ಕಾಯ್ದಾ ಬಂದದ, ನಾವು ಯಾರನ್ನೂ ಹೊರಗ ಹಾಕಂಗಿಲ್ಲ" ಎಂದು ಎಲ್ಲರ ಎದುರಿಗೆ ಹೇಳಿದರು. ಹೇಳಿ, ಚೀಲದಿಂದ ಒಂದು ಹೊಚ್ಚಹೊಸ ಹಿತ್ತಾಳೆಯ ಊಟದ ಗಂಗಾಳ, ಒಂದು ತಂಬಿಗೆ ತೆಗೆದು ತಾರಾಳ ಮುಂದಿಟ್ಟರು.

"ಇದು ನಿನಗಂತನ ತಂದದ್ದವ್ವಾ. ನಿನ್ನ ಖೋಲಿಯಾಗ ಕೂತು ಆರಾಮ ಉಣ್ಣು."

ತಾರಾ ಗಂಗಾಳ ನೋಡಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಅವಳು ಹೇಳಿಕೊಂಡದ್ದು ಒಬ್ಬಳೇ ಒಬ್ಬಳಿಗೆ. ಹಾಗಾಗಿ ಲೆಕ್ಕ ಬಿಡಿಸಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಕೋಣೆಗೆ ಹೋಗಿ ತನ್ನ ಬಟ್ಟೆ, ಪುಸ್ತಕ ಟ್ರಂಕಿಗೆ ತುಂಬಿಕೊಂಡಳು. ಗಂಗಾಳ ಅಲ್ಲೇ ಬಿಟ್ಟಳು.

ಬೆಳಿಗ್ಗೆ ಔರಾದದ ಬಸ್ಸಿನ ಹತ್ತಿರ ಓಡಿಹೋದೆ. "ತಾರಾ, ನಾ ಯಾರಿಗೂ ಹೇಳಿಲ್ಲ. ಬರಸೂ ಮುಂದ ಆಕಿ ಕೇಳಿಸ್ಕೊಂಡಾಳ" ಎಂದೆ. ನನ್ನ ಕಿವಿಗೇ ಅದು ಕಳ್ಳಿಯ ಮಾತಿನಂತೆ ಕೇಳಿಸಿತು.

"ಗಂಗಾಬಾಯಿ ಬೈತಾಳ, ಎಲ್ಲಾರೂ ದೂರ ಸರೀತಾರ ಅಂತ ನನಗ ಮೊದಲೇ ಗೊತ್ತಿತ್ತು ಬಾಯಿ. ಅದಕ್ಕ ತಯಾರಿದ್ದೆ" ಎಂದಳು ಅವಳು. ಅಳುತ್ತಿರಲಿಲ್ಲ. "ಪರೀಕ್ಷಾ ಬರದು, ಪಾಸಾಗತೇನಿ ಅಂತ ಗೊತ್ತಿದ್ದು, ಎದಿ ಮ್ಯಾಲ ಮಾಡಿ ನಾನು ಹೇಳಾಕಿದ್ದೆ. ನಮ್ಮಪ್ಪನ ಹಂಗ. ಈಗ ಕಳ್ಳತನ ಸಿಕ್ಕಿಬಿದ್ದಂಗ ಆಯ್ತು."

ಬಸ್ಸು ಹೋಯಿತು.

ಒಂದು ವಾರ ತಡೆದು ನಾನೂ ಔರಾದಕ್ಕೆ ಹೋದೆ. ಅಲ್ಲಿಂದ ಅವಳ ಊರಿಗೆ ಬಂಡಿಯ ದಾರಿ. ಊರ ಹೊರಗಿನ ಓಣಿಯಲ್ಲಿ, ಸಾರಿಸಿ ಹಸನುಮಾಡಿದ ಮನೆ. ಅವಳಪ್ಪ ಹೊರಸು ಹಾಕಿ ಕೂಡಿಸಿದ. ನನ್ನ ಮೇಲೆ ಅವನಿಗೆ ಸಿಟ್ಟಿದ್ದಂತೆ ಕಾಣಲಿಲ್ಲ, ಅದೇ ಕಷ್ಟವಾಯಿತು. "ನಾ ಆಕಿಗಿ ಹೇಳಿದ್ದೆ ಬಾಯಿ, ಮುಚ್ಚಿಡಬ್ಯಾಡ ಅಂತ. ಆದ್ರ ಇಷ್ಟು ವರ್ಷ ಓದ್ಯಾಳ, ಪರೀಕ್ಷಾ ಒಂದು ಆಗಬೇಕಿತ್ತು" ಎಂದ. ನನಗೆ ಚಹಾ ಮಾಡಿಸಿದ. ಕುಡಿದೆ. ಕುಡಿದೆ ಎಂದು ಇಲ್ಲಿ ಬರೆಯುತ್ತಿದ್ದೇನಲ್ಲ, ಅದರಲ್ಲೇ ನಾನು ಎಂಥವಳು ಎಂಬುದು ಗೊತ್ತಾಗುತ್ತದೆ.

ತಾರಾ ಒಲೆಯ ಮುಂದೆ ಕುಳಿತು ಊಟ ಮಾಡುತ್ತಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ. ನಾನು ಹೋದೆನೆಂದು ಏಳಲಿಲ್ಲ. ಹಾಸ್ಟೆಲಿನಲ್ಲಿ ಎಂದೂ ಕಾಣದ ಹಸಿವಿನಿಂದ, ಬೆರಳು ನೆಕ್ಕಿಕೊಂಡು ಉಣ್ಣುತ್ತಿದ್ದಳು.

"ಫಾರಂ ತುಂಬಿದ್ದಾಗ್ಯದ ತಾರಾ. ಹಾಸ್ಟೆಲ್ ಬ್ಯಾಡ, ಪರೀಕ್ಷಾಕ್ಕ ಅಷ್ಟೇ ಬಾ" ಎಂದೆ.

"ಎರಡು ತಿಂಗಳು ಪಾಠ ಅದ. ಎಲ್ಲಿ ಇರ್ಲಿ ಬಾಯಿ?"

ನಾನು ಯಾರ್ಯಾರದೋ ಹೆಸರು ಹೇಳಿದೆ. ಬೀದರದಲ್ಲಿ ಯಾರನ್ನಾದರೂ ಕೇಳುತ್ತೇನೆ, ಕೋಣೆ ಸಿಗುತ್ತದೆ ಎಂದೆ. ಅವಳು ಕೊನೆಯ ತುತ್ತು ನುಂಗಿ, ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನನ್ನೆದುರು ನಿಂತಳು.

"ಭಾತಂಬ್ರಾದಾಗ ನಿಮ್ಮ ಮನಿ ದೊಡ್ಡದು ಅಂತೀರಿ. ಅಲ್ಲಿಂದ ಭಾಲ್ಕಿ ಸಾಲಿ ಹತ್ರ ಅದ ಅಂತೀರಿ. ಅಲ್ಲಿ ಇರ್ಲೇನು?"

ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೇ ಕೇಳಿದ್ದಳು. ಹೂಂ ಎಂದಿದ್ದರೆ ಆಗಲೇ ಟ್ರಂಕು ಹೊತ್ತುಕೊಂಡು ನನ್ನ ಹಿಂದೆ ಬರುತ್ತಿದ್ದಳು. ಅಪ್ಪ ಏನೆನ್ನುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ, ಯಾಕೆಂದರೆ ನಾನು ಅವರನ್ನು ಕೇಳಲೇ ಇಲ್ಲ. ನಾನು ಕೊನೆಯ ಬಸ್ಸಿನ ಹೊತ್ತಾಯಿತು ಎಂದೆ. ಹೊತ್ತು ಇನ್ನೂ ಬೇಕಾದಷ್ಟಿತ್ತು. ಅವಳು "ಹೋಗಿ ಬರ್ರಿ ಬಾಯಿ" ಎಂದು ಒಳಗೆ ಹೋದಳು.

ಆ ಮಾರ್ಚಿನಲ್ಲಿ ಅವಳು ಪರೀಕ್ಷೆಗೆ ಕೂಡಲಿಲ್ಲ. ಮುಂದೆ ಉದಗೀರದ ಬಂಧುಗಳ ಮನೆಗೆ ಹೋದಳು ಎಂದು ಯಾರೋ ಅಂದರು. ಆ ಊರು ಆಗ ಬೇರೆ ರಾಜ್ಯ. ಅದನ್ನೇ ನೆಪ ಮಾಡಿಕೊಂಡು ನಾನು ವಿಚಾರಿಸಲಿಲ್ಲ.

ಸಂಕ್ರಾಂತಿಗೆ ಎರಡು ದಿನವಿತ್ತು. ಪಂಡಿತರು ದಾಖಲೆಯನ್ನು ಹೊಲಿಸಿ, ರಟ್ಟು ಹಾಕಿಸಿ ತಂದಿದ್ದರು. ಕೊನೆಯ ಪುಟ ಒಂದು ಖಾಲಿಯಿತ್ತು. ಫಲಿತಾಂಶ ಎಂದು ಮೇಲೆ ಬರೆದು, ಲೇಖನಿ ಹಿಡಿದು ನನ್ನ ಬಾಯಿ ನೋಡಿದರು. "ಏನ್ ಬರೀಲ್ರಿ ಅಕ್ಕಾರ?"

ನಾನು ಸುಳ್ಳು ಹೇಳಲಿಲ್ಲ. ಹುಡುಗಿ ಈಗ ಹೊಟ್ಟೆತುಂಬ ಊಟ ಮಾಡುತ್ತಾಳೆ ಎಂದು ಬರೆಸಿದೆ. ನನಗೆ ಮೊದಲ ದರ್ಜೆ ಬಂತು.